ಅಗ್ಗದ ಸರ್ವರ್: ಅಂಗಡಿಯಲ್ಲಿ ಕೇಳುವ ಮಾತು, ಮನೆಯಲ್ಲಿ ತಿಳಿಯುವ ಸತ್ಯ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಗಲ್ಲಿಗಳಲ್ಲಿ ಕೀಬೋರ್ಡು, ಕೇಬಲ್ಲುಗಳ ರಾಶಿಯ ಹಿಂದೆ ಬೂದು ಬಣ್ಣದ ಚಪ್ಪಟೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಕಂಪನಿಗಳು ಐದಾರು ವರ್ಷ ದುಡಿಸಿಕೊಂಡು ಮಾರಿದ ಸರ್ವರುಗಳು ಅವು. ಡೆಲ್ ಪವರ್‌ಎಡ್ಜ್ ಆರ್‌720, ಎಚ್‌ಪಿ ಪ್ರೋಲಿಯಂಟ್ ಡಿಎಲ್‌380 ಇಂಥವು. ಹೊಸದಾಗಿದ್ದಾಗ ಲಕ್ಷಗಟ್ಟಲೆ ಬಾಳುತ್ತಿದ್ದ ಯಂತ್ರ ಈಗ ಒಂದು ಮೊಬೈಲಿನ ಬೆಲೆಗೆ ಸಿಗುತ್ತದೆ. ಎಂಜಿನಿಯರಿಂಗ್ ಓದುವ ಹುಡುಗರು, ಕೆಲಸದ ಜೊತೆಗೆ ಮನೆಯಲ್ಲಿ ಏನಾದರೂ ಕಲಿಯಬೇಕೆನ್ನುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸರ್, ತಗೋಬಹುದಾ?" ತಗೋಬಹುದು. ಮನೆಯಲ್ಲಿ ಇಂಥದ್ದೊಂದನ್ನು ಇಟ್ಟುಕೊಂಡೇ ನಾನು ಕಲಿತವನು. ಆದರೆ ಪ್ರೊಸೆಸರಿನ ಕೋರುಗಳನ್ನು ಎಣಿಸಿ ಕೊಳ್ಳಬೇಡಿ. ಆ ವ್ಯಾಪಾರದ ಸುತ್ತ ಓಡಾಡುವ ಕೆಲವು ಮಾತುಗಳನ್ನು ಮೊದಲು ಬಿಡಿಸಿ ನೋಡಬೇಕು.

"ಎರಡು ಪ್ರೊಸೆಸರ್ ಇದೆ, ಸ್ಪೀಡು ಡಬಲ್"

ಇದು ಎಲ್ಲಕ್ಕಿಂತ ಹಳೆಯ ತಪ್ಪು. 2.6 ಗಿಗಾಹರ್ಟ್ಸಿನ ಎರಡು ಚಿಪ್ ಸೇರಿದರೆ 5.2 ಆಗುವುದಿಲ್ಲ. ದೋಸೆ ಹಿಟ್ಟಿನ ಲೆಕ್ಕವನ್ನೇ ತೆಗೆದುಕೊಳ್ಳಿ. ರುಬ್ಬಲು ಇಬ್ಬರು ಕುಳಿತರೆ ಕೆಲಸ ಬೇಗ ಮುಗಿಯುತ್ತದೆ. ಹಿಟ್ಟು ಹುದುಗಲು ಮಾತ್ರ ಎಷ್ಟು ಜನ ಕಾದರೂ ಅದೇ ಒಂದು ರಾತ್ರಿ ಬೇಕು. ಕಂಪ್ಯೂಟರಿನ ಪ್ರತಿ ಕೆಲಸದಲ್ಲೂ ಇಂಥ ಹುದುಗುವ ಭಾಗ ಒಂದಿಷ್ಟು ಇರುತ್ತದೆ. 1967ರಲ್ಲಿ ಜೀನ್ ಆಮ್ಡಾಲ್ ಎತ್ತಿ ತೋರಿಸಿದ್ದು ಇದನ್ನೇ. ಒಂದು ಕೋರಿನಲ್ಲಿ 10 ನಿಮಿಷ ಹಿಡಿಯುವ ಕೆಲಸದಲ್ಲಿ 8 ನಿಮಿಷದ ಪಾಲನ್ನು ಹಂಚಿಕೊಳ್ಳಬಹುದು, 2 ನಿಮಿಷದ್ದನ್ನು ಹಂಚಲಾಗದು ಎಂದಿಟ್ಟುಕೊಳ್ಳಿ. 8 ಕೋರು ಹಾಕಿದರೆ ಅದು 3 ನಿಮಿಷಕ್ಕೆ ಇಳಿಯುತ್ತದೆ. ಇನ್ನೊಂದು ಪ್ರೊಸೆಸರ್ ಸೇರಿಸಿ 16 ಕೋರು ಮಾಡಿದರೆ ಎರಡೂವರೆ ನಿಮಿಷ. ದುಡ್ಡು, ಕರೆಂಟು, ಕಾವು ಎಲ್ಲ ಹೆಚ್ಚಿಸಿಕೊಂಡು ಉಳಿಸಿದ್ದು ಅರ್ಧ ನಿಮಿಷ.

ಅದೂ ಅಲ್ಲದೆ ಹಳೆಯ ಕೋರು ಹಳೆಯದೇ. 2012ರಲ್ಲಿ ಬಂದ ಇಂಟೆಲ್ ಜಿಯಾನ್ ಇ5-2670 ಚಿಪ್ಪಿನಲ್ಲಿ 8 ಕೋರುಗಳಿವೆ. ಆಗ ಅದರ ಬೆಲೆ 1,500 ಡಾಲರಿಗೂ ಹೆಚ್ಚು. ಇವತ್ತು ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಬರುವ ಐ3-12100ರ ಒಂದೊಂದು ಕೋರೂ ಅದಕ್ಕಿಂತ ಸುಮಾರು ಎರಡು ಪಟ್ಟು ಚುರುಕು. ಫೋಟೊ ತಿದ್ದುವುದಕ್ಕೆ, ಆಟ ಆಡುವುದಕ್ಕೆ, ಬ್ರೌಸರಿಗೆ ಸರ್ವರ್ ತಂದವರಿಗೆ ನಿರಾಸೆ ಆಗಿಯೇ ಆಗುತ್ತದೆ. ಹತ್ತಾರು ವರ್ಚುವಲ್ ಮಷೀನು ಒಟ್ಟಿಗೆ ಓಡಿಸುವವರಿಗೆ ಮಾತ್ರ ಆ 16 ಕೋರೂ ಸಾರ್ಥಕ. ಅಲ್ಲಿ ಕೆಲಸಗಳು ಮೊದಲೇ ಬೇರೆ ಬೇರೆ, ಒಂದು ಇನ್ನೊಂದಕ್ಕೆ ಕಾಯುವುದಿಲ್ಲ.

"ಈಗ ಒಂದು ಪ್ರೊಸೆಸರಿಂದು ತಗೊಂಡು, ಇನ್ನೊಂದು ಆಮೇಲೆ ಹಾಕಿದರಾಯ್ತು"

ನಾನೂ ಹೀಗೆಂದುಕೊಂಡೇ ಮೊದಲ ಸರ್ವರ್ ತಂದದ್ದು. ಅಂಗಡಿಯವರು 8 ಜಿಬಿಯ ಎಂಟು ರ‍್ಯಾಮ್ ಪಟ್ಟಿಗಳನ್ನು ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ನೋಡಲು ಚೆಂದವಾಗಿ ಕೂರಿಸಿ ಕೊಟ್ಟಿದ್ದರು. ಮನೆಯಲ್ಲಿ ಆನ್ ಮಾಡಿದರೆ ಪರದೆಯ ಮೇಲೆ 64ರ ಬದಲು 32 ಜಿಬಿ. ಪಟ್ಟಿಗಳು ಕೆಟ್ಟಿವೆ ಎಂದು ಅರ್ಧ ರಾತ್ರಿ ಒಂದೊಂದನ್ನೇ ಕಳಚಿ ಒರೆಸಿ ಹಾಕಿದೆ. ಒಂದೂ ಕೆಟ್ಟಿರಲಿಲ್ಲ.

ಈ ಯಂತ್ರಗಳಲ್ಲಿ ಒಂದೊಂದು ಪ್ರೊಸೆಸರಿಗೂ ಅದರದೇ ರ‍್ಯಾಮ್ ಉಗ್ರಾಣವಿದೆ. ಆರ್‌720ರಲ್ಲಿ ಒಟ್ಟು 24 ರ‍್ಯಾಮ್ ಸ್ಲಾಟು. 12 ಒಂದನೆಯದಕ್ಕೆ, 12 ಎರಡನೆಯದಕ್ಕೆ. ಎರಡನೇ ಸಾಕೆಟ್ ಖಾಲಿಯಿದ್ದರೆ ಆ ಕಡೆಯ 12 ಸ್ಲಾಟಿಗೆ ಜೀವವೇ ಇಲ್ಲ. ಅಷ್ಟೇ ಅಲ್ಲ, ಕೆಲವು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಗಳೂ ಎರಡನೇ ಪ್ರೊಸೆಸರಿನ ಮೂಲಕವೇ ಹಾದುಬರುತ್ತವೆ. ಆ ಚಿಪ್ ಇಲ್ಲದಿದ್ದರೆ ಅಲ್ಲಿ ಸಿಕ್ಕಿಸಿದ ಕಾರ್ಡು ಸಿಸ್ಟಮ್ಮಿಗೆ ಕಾಣುವುದೇ ಇಲ್ಲ. ಎರಡೂ ಪ್ರೊಸೆಸರ್ ಇದ್ದರೆ ಒಂದರ ಉಗ್ರಾಣದಿಂದ ಇನ್ನೊಂದು ಸಾಮಾನು ತರಬಹುದು, ಆದರೆ ನಡುವಿನ ಹಾದಿ ದಾಟಬೇಕು, ಸ್ವಲ್ಪ ತಡವಾಗುತ್ತದೆ. ಹಾಗಾಗಿ ರ‍್ಯಾಮನ್ನು ಎರಡೂ ಕಡೆ ಸಮನಾಗಿ ಹಂಚುವುದು ಕ್ರಮ. ಪ್ರತಿ ಪ್ರೊಸೆಸರಿಗೂ ರ‍್ಯಾಮಿನ ಕಡೆಗೆ ನಾಲ್ಕು ಚಾನೆಲ್, ಅಂದರೆ ನಾಲ್ಕು ಹಾದಿ; ನಾಲ್ಕಕ್ಕೂ ಪಟ್ಟಿ ಸಿಗಬೇಕು. ಆರ್‌720ರಲ್ಲಿ ಬಿಳಿ ಹಿಡಿಯ ಸ್ಲಾಟುಗಳನ್ನು ಮೊದಲು ತುಂಬಬೇಕು, ಆಮೇಲೆ ಕಪ್ಪು, ಕೊನೆಗೆ ಹಸಿರು.

ಎರಡನೇ ಪ್ರೊಸೆಸರ್ ಅಂದರೆ ಚಿಪ್ ಒಂದೇ ಅಲ್ಲ. ಅದಕ್ಕೆ ಹೀಟ್‌ಸಿಂಕ್ ಬೇಕು, ಕೆಲವು ಮಾದರಿಗಳಲ್ಲಿ ಹೆಚ್ಚುವರಿ ಫ್ಯಾನೂ ಬೇಕು. ಎರಡೂ ಚಿಪ್ ಒಂದೇ ಮಾದರಿಯದಾಗಿರಬೇಕು. 2670ರ ಪಕ್ಕ 2650 ಕೂರಿಸಿದರೆ ನಡೆಯುವುದಿಲ್ಲ. ಹಳೆಯ ಚಿಪ್ ತೆಗೆದು 2013ರ ವಿ2 ಸಾಲಿನ ಚಿಪ್ ಹಾಕುವುದಾದರೆ, ಹಳೆ ಚಿಪ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ. ಹಳೆಯ ಬಯೋಸ್ ಹೊಸ ಚಿಪ್ಪನ್ನು ಗುರುತಿಸದೆ ಯಂತ್ರ ಮೇಲೇಳುವುದೇ ಇಲ್ಲ, ಆಮೇಲೆ ಅಪ್‌ಡೇಟ್ ಮಾಡಲು ಹಳೆ ಚಿಪ್ಪನ್ನೇ ಮತ್ತೆ ಕೂರಿಸಬೇಕಾಗುತ್ತದೆ. ಡೆಲ್ ಬಯೋಸ್ ಫೈಲುಗಳು ಯಾರಿಗಾದರೂ ಸಿಗುತ್ತವೆ. ಎಚ್‌ಪಿಯವರು 2014ರಿಂದ ಪ್ರೋಲಿಯಂಟಿನ ಬಯೋಸನ್ನು ವಾರಂಟಿ ಅಥವಾ ಸೇವಾ ಒಪ್ಪಂದ ಇದ್ದವರಿಗಷ್ಟೇ ಸೀಮಿತಗೊಳಿಸಿದರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ವಿಷಯವನ್ನು ಮಾತ್ರ ಅಂಗಡಿಯಲ್ಲೇ, ಹಣ ಕೊಡುವ ಮೊದಲೇ ನೋಡಿ. ಖಾಲಿ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ. ಇಲ್ಲಿ ಪಿನ್ನುಗಳಿರುವುದು ಚಿಪ್ಪಿನ ಅಡಿಯಲ್ಲಲ್ಲ, ಸಾಕೆಟ್ಟಿನಲ್ಲಿ, ಒಟ್ಟು 2,011. ಮೊಬೈಲ್ ಟಾರ್ಚನ್ನು ನೇರ ಮೇಲಿನಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಒಪ್ಪವಾಗಿ ನಾಟಿ ಮಾಡಿದ ಗದ್ದೆಯ ಪೈರಿನಂತೆ ಎಲ್ಲ ತುದಿಗಳೂ ಒಂದೇ ದಿಕ್ಕಿಗೆ ಬಾಗಿ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕೆ ಹೊಳಪು ತಪ್ಪಿ ಕಂಡರೆ ಆ ಪಿನ್ ಮಲಗಿದೆ ಎಂದರ್ಥ. ಮುಚ್ಚಳವೇ ಇಲ್ಲದ ಖಾಲಿ ಸಾಕೆಟ್ ಕಂಡರೆ ನಾನಂತೂ ಆ ಬೋರ್ಡು ಕೊಳ್ಳುವುದಿಲ್ಲ.

"ಸರ್ವರ್ ರ‍್ಯಾಮ್ ಗಟ್ಟಿ, ಎಲ್ಲಿ ಬೇಕಾದರೂ ಹಾಕ್ಕೋಬಹುದು"

ಗಟ್ಟಿ ನಿಜ; ಒಂದು ಬಿಟ್ ತಪ್ಪಿದರೆ ತಾನೇ ಸರಿಪಡಿಸಿಕೊಳ್ಳುವ ಇಸಿಸಿ ಅದರಲ್ಲಿದೆ. ಆದರೆ ಸರ್ವರಿನ ರಿಜಿಸ್ಟರ್ಡ್ (ಆರ್‌ಡಿಮ್) ರ‍್ಯಾಮ್ ಮನೆಯ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ಸರ್ವರಿನೊಳಗೂ ಆರ್‌ಡಿಮ್, ಎಲ್‌ಆರ್‌ಡಿಮ್, ಯುಡಿಮ್ ಎಂಬ ಜಾತಿಗಳನ್ನು ಬೆರೆಸುವಂತಿಲ್ಲ. ಬೇರೆ ಕಡೆ ಬಳಕೆಗೆ ಬಾರದ್ದರಿಂದಲೇ ಹಳೆಯ ಡಿಡಿಆರ್3 ಆರ್‌ಡಿಮ್‌ಗಳು ಅಷ್ಟು ಅಗ್ಗ. ಹಳೆ ಸರ್ವರಿನ ನಿಜವಾದ ಲಾಭವೂ ಇಲ್ಲೇ ಇದೆ: 128 ಜಿಬಿ ರ‍್ಯಾಮ್ ಇಟ್ಟುಕೊಂಡು ಒಂದು ಪುಟ್ಟ ಡೇಟಾ ಸೆಂಟರನ್ನೇ ಮನೆಯಲ್ಲಿ ಕಟ್ಟಿ, ಕೆಡವಿ, ಮತ್ತೆ ಕಟ್ಟಿ ಕಲಿಯುವ ಅವಕಾಶ. ಪ್ರಾಕ್ಸ್‌ಮಾಕ್ಸ್ ಎಂಬ, ವರ್ಚುವಲ್ ಮಷೀನುಗಳನ್ನು ನಡೆಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡ ವಿದ್ಯಾರ್ಥಿ ಆರು ತಿಂಗಳಲ್ಲಿ ಕಲಿಯುವುದನ್ನು ಯಾವ ಪಾಠದ ವಿಡಿಯೊವೂ ಕಲಿಸದು ಎಂದು ನಾನು ಮನಸಾರೆ ನಂಬುತ್ತೇನೆ.

"ಜಿಯಾನ್ ಅಂದರೆ ಜಿಯಾನ್, ವಿ2 ಆದರೇನು ವಿ4 ಆದರೇನು"

ಹೆಸರಿನ ಕೊನೆಯ ಆ ಪುಟ್ಟ ಅಂಕಿಯಲ್ಲೇ ಎಲ್ಲ ಇದೆ. ಮೊದಲ ಸಾಲು ಮತ್ತು ವಿ2 ಒಂದು ಸಾಕೆಟ್, ಡಿಡಿಆರ್3. 2014ರ ವಿ3, 2016ರ ವಿ4 ಬೇರೆ ಸಾಕೆಟ್, ಡಿಡಿಆರ್4. ಆರ್‌720 ಬೋರ್ಡಿಗೆ ವಿ4 ಚಿಪ್ ಎಂದಿಗೂ ಕೂರದು. ಅದಕ್ಕೆ ಆರ್‌730 ಬೇಕು. ಇದಕ್ಕಿಂತ ಮುಖ್ಯ, ವಿ2ವರೆಗಿನ ಚಿಪ್ಪುಗಳಲ್ಲಿ ಎವಿಎಕ್ಸ್2 ಸೂಚನಾಗಣ ಇಲ್ಲ. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ಕ್ಕೆ ಅದು ಬೇಕೇ ಬೇಕು. ರೆಡ್ ಹ್ಯಾಟ್ ಪರೀಕ್ಷೆಗೆ ತಯಾರಾಗಲೆಂದೇ ಸರ್ವರ್ ಕೊಳ್ಳುವವರು ವಿ3ಕ್ಕಿಂತ ಕೆಳಗೆ ಇಳಿಯಬೇಡಿ. ವಿಂಡೋಸ್ 11 ಈ ಇ5 ಚಿಪ್ಪುಗಳಾವುದನ್ನೂ ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸಿನ ಹೋಮ್ ಆವೃತ್ತಿ ಹಾಕಿದರಂತೂ ಎರಡನೇ ಸಾಕೆಟ್ಟನ್ನು ಅದು ಬಳಸುವುದೇ ಇಲ್ಲ.

ಸಿನಿಮಾ ಇಟ್ಟುಕೊಂಡು ಟಿವಿಗೆ ಕಳಿಸಲು ಸರ್ವರ್ ಬೇಕೆನ್ನುವವರಿಗೂ ಒಂದು ಮಾತು. ಈ ಚಿಪ್ಪುಗಳಲ್ಲಿ ಗ್ರಾಫಿಕ್ಸ್ ಇಲ್ಲ, ವಿಡಿಯೊ ಬದಲಿಸುವ ಕೆಲಸವನ್ನು ಕೋರುಗಳೇ ಬೆವರು ಸುರಿಸಿ ಮಾಡಬೇಕು. 6 ವಾಟಿನ ಇಂಟೆಲ್ ಎನ್‌100 ಇರುವ ಅಂಗೈಯಗಲದ ಪಿಸಿ ಅದನ್ನು ನಿರಾಳವಾಗಿ ಮಾಡುತ್ತದೆ.

"750 ವಾಟಿನ ಸಪ್ಲೈ ಎರಡಿದೆ, 1,500 ವಾಟ್ ಎಳೆಯುತ್ತೆ" — "ಸುಮ್ಮನೆ ಇದ್ದಾಗ ಏನೂ ಎಳೆಯಲ್ಲ"

ಎರಡೂ ತಪ್ಪು. 750 ಅನ್ನುವುದು ಕೊಡಬಲ್ಲ ಗರಿಷ್ಠ; ಎರಡು ಸಪ್ಲೈ ಹೊರೆಯನ್ನು ಹಂಚಿಕೊಳ್ಳುತ್ತವೆ, ಒಂದು ಕೆಟ್ಟರೆ ಇನ್ನೊಂದು ಹೊರುತ್ತದೆ. ಆದರೆ ಎರಡು ಪ್ರೊಸೆಸರು, ತುಂಬ ರ‍್ಯಾಮು, ಕೆಲವು ಡಿಸ್ಕು ಇರುವ ಇಂಥ ಯಂತ್ರ ಏನೂ ಮಾಡದೆ ಕೂತಿದ್ದರೂ 150 ವಾಟ್ ಆಸುಪಾಸು ಎಳೆಯುವುದು ಸಾಮಾನ್ಯ. ಹೆಸರಿನ ಕೊನೆಗೆ 'ಎಲ್' ಇರುವ ಮಿತವ್ಯಯದ ಚಿಪ್ ಹಾಕಿದರೂ ಪೂರ್ತಿ ಹೊರೆಯಲ್ಲಷ್ಟೇ ಉಳಿತಾಯ. ಸುಮ್ಮನಿದ್ದಾಗಿನ ಲೆಕ್ಕ ಹೆಚ್ಚು ಬದಲಾಗದು.

ದಿನದ 24 ಗಂಟೆ, ತಿಂಗಳ 30 ದಿನ 150 ವಾಟ್ ಅಂದರೆ 108 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 648 ರೂಪಾಯಿ, ವರ್ಷಕ್ಕೆ 7,776. ಕರ್ನಾಟಕದ ಮನೆಗಳಿಗೆ ಇನ್ನೊಂದು ಲೆಕ್ಕವೂ ಇದೆ. ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಮನೆಯ ಹಿಂದಿನ ಸರಾಸರಿಯ ಮೇಲೆ ನಿಗದಿಯಾದ ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು; 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 110 ಯೂನಿಟ್ ಬಳಸುವ ಮನೆಗೆ ಸರ್ವರ್ ಬಂದರೆ 218. ಸರ್ವರಿನ ಪಾಲಷ್ಟೇ ಅಲ್ಲ, ಇಷ್ಟು ದಿನ ಬಿಲ್ಲಿಲ್ಲದೆ ನಡೆಯುತ್ತಿದ್ದ ಮಿಕ್ಸಿ, ಫ್ಯಾನು, ಫ್ರಿಜ್ಜಿನ ಪಾಲೂ ತಲೆಮೇಲೆ ಬರುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿ. ಕಲಿಯುವ ಎರಡು ಮೂರು ಗಂಟೆ ಮಾತ್ರ ಆನ್ ಮಾಡಿ ಆಮೇಲೆ ಆರಿಸಿದರೆ ಈ ಲೆಕ್ಕವೆಲ್ಲ ಹತ್ತರಲ್ಲೊಂದಕ್ಕೆ ಇಳಿಯುತ್ತದೆ.

ಕರೆಂಟು ಹೋದಾಗಿನ ಮಾತೂ ಇದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್. ಫ್ಯಾನುಗಳು ಪೂರ್ತಿ ತಿರುಗಿ ಎರಡೂ ಚಿಪ್ ದುಡಿಯುವಾಗ ಅದು ಸಾಲದೆ ಹೋಗಬಹುದು. ಸ್ಕ್ವೇರ್‌ವೇವ್ ಹಳೆ ಇನ್ವರ್ಟರನ್ನು ಈ ಸಪ್ಲೈಗಳು ಕೆಲವೊಮ್ಮೆ ಒಪ್ಪುವುದೇ ಇಲ್ಲ. ಸೈನ್‌ವೇವ್ ಇನ್ವರ್ಟರ್ ಇದ್ದರೆ ಒಳ್ಳೆಯದು.

"ಸದ್ದು ಅಂದರೆ ಎಷ್ಟು ಮಹಾ, ಫ್ಯಾನಿನ ಸದ್ದು ತಾನೇ"

ಮೊದಲ ರಾತ್ರಿ ಗುಂಡಿ ಒತ್ತಿದಾಗ ಆರು ಫ್ಯಾನು ಒಮ್ಮೆಲೇ ಎದ್ದವು. ಒಳಗಿನಿಂದ ಅಮ್ಮ ಬಂದು, "ಮಗು ಮಲಗಿದೆ ಕಣೋ, ಮೊದಲು ಅದನ್ನ ಆರಿಸು" ಅಂದರು. ಒಂದು ನಿಮಿಷ ಕಾದರೆ ತಗ್ಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಒಂದು ಯು (ರ‍್ಯಾಕಿನ ಒಂದು ಅಂತಸ್ತು) ಎತ್ತರದ ಪೆಟ್ಟಿಗೆಗಳ ಪುಟ್ಟ ಫ್ಯಾನುಗಳದ್ದು ಕೀರಲು ಸದ್ದು. ಎರಡು ಯು ಪರವಾಗಿಲ್ಲ. ಡೆಲ್ ಟಿ620, ಟಿ630ರಂಥ ಟವರ್ ಮಾದರಿ ಮನೆಗೆ ಎಲ್ಲಕ್ಕಿಂತ ಮೇಲು. ಡೆಲ್ ಯಂತ್ರಕ್ಕೆ ಹೊರಗಿನ ಕಂಪನಿಯ ಕಾರ್ಡು ಸಿಕ್ಕಿಸಿದರೆ ಅದರ ಕಾವು ಗೊತ್ತಾಗದೆ ಯಂತ್ರ ಫ್ಯಾನುಗಳ ವೇಗ ಏರಿಸಿಬಿಡುತ್ತದೆ. ಕೆಟ್ಟಿದೆ ಎಂದು ವಾಪಸ್ ಒಯ್ಯಬೇಡಿ, ಐಪಿಎಂಐ ಎಂಬ ನಿರ್ವಹಣಾ ವ್ಯವಸ್ಥೆಯ ಆಜ್ಞೆಯೊಂದರಿಂದ ಆ ನಡವಳಿಕೆಯನ್ನು ನಿಲ್ಲಿಸಬಹುದು.

"ರೇಡ್ ಇದೆ, ಬ್ಯಾಕಪ್ ಬೇಡ"

ಒಂದೇ ಮಾಹಿತಿಯನ್ನು ಎರಡು ಡಿಸ್ಕಿನಲ್ಲಿ ಬರೆದಿಡುವ ರೇಡ್, ಒಂದು ಡಿಸ್ಕ್ ಕೆಟ್ಟರೆ ಕಾಪಾಡುತ್ತದೆ. ಆದರೆ ಕೈತಪ್ಪಿ ಅಳಿಸಿದ ಫೈಲು ಎರಡೂ ಡಿಸ್ಕಿನಿಂದ ಒಂದೇ ಕ್ಷಣದಲ್ಲಿ ಹೋಗುತ್ತದೆ. ಮಕ್ಕಳ ಫೋಟೊ ಇಡುವುದಾದರೆ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು. ಸರ್ವರ್ ಜೊತೆ ಬಂದ ಡಿಸ್ಕುಗಳು ಎಷ್ಟು ಗಂಟೆ ಓಡಿವೆ ಎಂಬುದನ್ನು ಡಿಸ್ಕು ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಮಾಹಿತಿಯಲ್ಲಿ ನೋಡಿ. 40,000 ಗಂಟೆ ಅಂದರೆ ನಾಲ್ಕೂವರೆ ವರ್ಷ ಎಡೆಬಿಡದೆ ದುಡಿದ ಡಿಸ್ಕು.

ಹಾಗೆಯೇ ಡೆಲ್ ಯಂತ್ರದ ಹಿಂಬದಿಯ ಐಡ್ರಾಕ್ ಎಂಬ ನಿರ್ವಹಣಾ ಪೋರ್ಟಿಗೆ ಕೇಬಲ್ ಸಿಕ್ಕಿಸುವ ಮೊದಲು ಅದನ್ನು ರೀಸೆಟ್ ಮಾಡಿ. ಈ ತಲೆಮಾರಿನ ಡೆಲ್ ಸರ್ವರುಗಳಿಗೆ ಕಾರ್ಖಾನೆಯಲ್ಲೇ ಕೊಟ್ಟ ಹೆಸರು 'ರೂಟ್', ಪಾಸ್‌ವರ್ಡ್ 'ಕ್ಯಾಲ್ವಿನ್'. ಲೋಕಕ್ಕೆಲ್ಲ ಗೊತ್ತಿರುವ ಪಾಸ್‌ವರ್ಡ್ ಅದು. ಯಂತ್ರ ಆರಿಸಿದ್ದರೂ ಪ್ಲಗ್ ಹಾಕಿರುವಷ್ಟು ಹೊತ್ತು ಆ ಪೋರ್ಟ್ ಎಚ್ಚರವಾಗಿಯೇ ಇರುತ್ತದೆ. ಸರ್ವರ್ ಮನೆಗೆ ಬಂದ ದಿನವೇ ಆ ಪಾಸ್‌ವರ್ಡನ್ನು ಬದಲಿಸಿ.