ಗೇಟಿನೊಳಗೆ ಇಣುಕುವ ಕೈ

ಬಸವನಗುಡಿಯಿರಲಿ, ಮಲ್ಲೇಶ್ವರವಿರಲಿ, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳಗಿನ ಐದೂವರೆಗೆ ವಾಕಿಂಗ್ ಹೊರಟವರಲ್ಲಿ ಎರಡು ಬಗೆ. ಒಬ್ಬರು ಕೈ ಬೀಸಿಕೊಂಡು, ಮುಂದೆ ನೋಡುತ್ತ ನಡೆಯುತ್ತಾರೆ. ಇನ್ನೊಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಕವರು, ಕಣ್ಣೆಲ್ಲ ಕಾಂಪೌಂಡುಗಳ ಮೇಲೆ. ಕೆಲವರ ಬಳಿ ತುದಿಗೆ ತಂತಿ ಬಗ್ಗಿಸಿ ಕಟ್ಟಿದ ಕೋಲೂ ಇರುತ್ತದೆ. ಮನೆಯಾಕೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆಯುವ ಹೊತ್ತಿಗೆ ದಾಸವಾಳ, ನಂದಿಬಟ್ಟಲು, ಕಣಗಿಲೆ ಎಲ್ಲ ಇನ್ನೊಂದು ಮನೆಯ ದೇವರ ಮುಂದೆ ಸೇರಿಯಾಗಿರುತ್ತವೆ. ಎದುರೆದುರೇ ಸಿಕ್ಕಿಬಿದ್ದರೂ ಮುಜುಗರವೇನಿಲ್ಲ. ‘ದೇವರಿಗೆ ತಾನೇಮ್ಮಾ, ನಾಲ್ಕು ಹೂವು’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಕದ್ದ ಹೂವಿನ ಪೂಜೆಯ ಪುಣ್ಯ ಗಿಡ ನೆಟ್ಟವರಿಗೇ ಸಲ್ಲುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದರು. ಅದು ಕಳೆದುಕೊಂಡವರಿಗೆ ಸಮಾಧಾನವಾಯಿತೇ ಹೊರತು ಕೀಳುವವರ ಕೈಯನ್ನೇನೂ ತಡೆದಿಲ್ಲ. ಮಲೆನಾಡಿನಲ್ಲಿ ದಾಸವಾಳವನ್ನೇ ಬೇಲಿಯಾಗಿ ನೆಡುವ ರೂಢಿಯಿದೆ. ಅಲ್ಲಿ ದಾರಿಹೋಕರು ನಾಲ್ಕು ಹೂ ಕೊಯ್ದರೆ ಯಾರೂ ಲೆಕ್ಕವಿಡುವುದಿಲ್ಲ, ಏಕೆಂದರೆ ಬೇಲಿಯ ತುಂಬ ನೂರು ಇರುತ್ತವೆ. ಮೂವತ್ತು ನಲವತ್ತರ ನಿವೇಶನದಲ್ಲಿ ಕಾರು ನಿಂತು ಉಳಿದ ಮೂರಡಿ ಮಣ್ಣಿನಲ್ಲಿ ಅರಳುವುದೇ ನಾಲ್ಕು. ಪದ್ಧತಿ ಹಳ್ಳಿಯಿಂದ ನಗರಕ್ಕೆ ಬಂತು, ಬೇಲಿ ಬರಲಿಲ್ಲ.

ಹೂವಿಗಿಂತ ಹೆಚ್ಚಿನ ನಷ್ಟ ಗಿಡಕ್ಕೆ. ದಾಸವಾಳದ ಹೂ ಒಂದು ದಿನದ್ದು. ಆದರೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಆತುರದಲ್ಲಿ ಕೊಂಬೆ ಜಗ್ಗಿದಾಗ ತುದಿ ಮುರಿದರೆ ಮುಂದಿನ ಹಲವು ವಾರಗಳ ಹೂವು ಅದರ ಜೊತೆಗೇ ಹೋಯಿತು. ಧನುರ್ಮಾಸದಲ್ಲಿ ಕಾಟ ದುಪ್ಪಟ್ಟು: ಪೂಜೆ ಸೂರ್ಯೋದಯಕ್ಕೆ ಮುಂಚೆ ಆಗಬೇಕು, ಹೂವಂಗಡಿ ಇನ್ನೂ ತೆರೆದಿರುವುದಿಲ್ಲ, ಕತ್ತಲೆ ಮಾತ್ರ ಬೇಕಾದಷ್ಟಿರುತ್ತದೆ. ಯುಗಾದಿಗೆ ಮಾವಿನೆಲೆ ಮತ್ತು ಬೇವು, ಗಣೇಶನಿಗೆ ಎಕ್ಕ, ವರಮಹಾಲಕ್ಷ್ಮಿಗೆ ಬಾಳೆಕಂದು. ಮನೆ ಮುಂದಿನ ಕೈತೋಟಕ್ಕೂ ತನ್ನದೇ ಪಂಚಾಂಗ.

ಇದಕ್ಕೆ ಬೀಗಕ್ಕಿಂತ ಒಳ್ಳೆಯ ಉಪಾಯವೊಂದನ್ನು ಅನುಭವಸ್ಥರು ಕಂಡುಕೊಂಡಿದ್ದಾರೆ. ಮರುದಿನ ಅರಳಲಿರುವ ದಾಸವಾಳದ ಮೊಗ್ಗು ಹಿಂದಿನ ಸಂಜೆಯೇ ಉದ್ದವಾಗಿ, ಬಣ್ಣ ತೋರಿಸುತ್ತ ನಿಂತಿರುತ್ತದೆ. ಅದನ್ನು ಆಗಲೇ ಬಿಡಿಸಿ ಒಳಗಿಟ್ಟರೆ ಬೆಳಗ್ಗೆ ದೇವರ ಮನೆಯಲ್ಲೇ ಅರಳುತ್ತದೆ. ನಂದಿಬಟ್ಟಲಿನ ಮೊಗ್ಗನ್ನು ನೀರಿನಲ್ಲಿ ಹಾಕಿಟ್ಟರೂ ಹಾಗೆಯೇ. ಕಳ್ಳನಿಗಿಂತ ಹನ್ನೆರಡು ಗಂಟೆ ಮುಂದಿರುವ ಈ ಲೆಕ್ಕಕ್ಕೆ ಕಾಸಿನ ಖರ್ಚಿಲ್ಲ. ಗಿಡದ ಮೇಲಿನ ಅರಳಿದ ಹೂವೇ ಚೆಂದ ಎನ್ನುವವರು ಹೂಗಿಡಗಳನ್ನು ಗೋಡೆಯಿಂದ ಕೈಗೆಟುಕದಷ್ಟು ಒಳಗೆ ನೆಟ್ಟು, ಗೋಡೆಯಂಚಿಗೆ ಮುಳ್ಳಿನವನ್ನು ಬಿಡುವುದು ಲೇಸು. ಕಾಗದದ ಹೂವಿನ ಬಳ್ಳಿ, ಅಂದರೆ ಬೋಗನ್‌ವಿಲ್ಲಾ, ನೋಡಲು ಸೊಗಸು, ಕೈ ಹಾಕಿದರೆ ತರಚುತ್ತದೆ. ಕವಳಿಯ ಗಿಡ ಇನ್ನೂ ಗಟ್ಟಿ: ಮುಳ್ಳೂ ಉಂಟು, ಉಪ್ಪಿನಕಾಯಿಗೆ ಕಾಯಿಯೂ ಉಂಟು.

ಗಿಡ ಬೆಳೆಸುವ ಹುಚ್ಚಿನವರ ಕಳ್ಳತನದ ರೀತಿಯೇ ಬೇರೆ. ಮನಿಪ್ಲಾಂಟ್ ಕೊಂಡು ತಂದರೆ ದುಡ್ಡು ಬರುವುದಿಲ್ಲ, ಕದ್ದು ನೆಟ್ಟರೆ ಮಾತ್ರ ಬರುತ್ತದೆ ಎಂಬ ನಂಬಿಕೆ ದೇಶದ ಉದ್ದಗಲಕ್ಕೂ ಹಬ್ಬಿದೆ. ಶಾಂತಸಾಗರದ ಒಂದು ದ್ವೀಪದಿಂದ ಬಂದ ಈ ಬಳ್ಳಿಗೆ ನಮ್ಮ ಲಕ್ಷ್ಮಿಯ ನಂಟು ಹೇಗೆ ಅಂಟಿತೋ! ಒಂದು ಗೆಣ್ಣಿರುವ ತುಂಡು ಸಿಕ್ಕರೂ ಅದು ನೀರಿನ ಬಾಟಲಿಯಲ್ಲಿ ಬೇರು ಬಿಡುತ್ತದೆ. ಹಾಗಾಗಿ ಈ ಕಳ್ಳತನ ಹೆಚ್ಚಾಗಿ ಚಿವುಟಿಕೊಂಡು ಹೋಗುವುದರಲ್ಲೇ ಮುಗಿಯುತ್ತದೆ. ಅಡೇನಿಯಂ, ಆಂಥೂರಿಯಂ, ಆರ್ಕಿಡ್, ಬೋನ್ಸಾಯ್‌ಗಳ ವಿಷಯದಲ್ಲಿ ಮಾತ್ರ ಕುಂಡವೇ ಮಾಯ. ಕದಿಯುವವರು ಬಡವರೇ ಆಗಿರಬೇಕೆಂದಿಲ್ಲ. 2023ರಲ್ಲಿ ಗುರುಗ್ರಾಮದಲ್ಲಿ ಜಿ-20 ಸಭೆಯ ಅಲಂಕಾರಕ್ಕೆ ರಸ್ತೆಬದಿ ಇಟ್ಟಿದ್ದ ಹೂಕುಂಡಗಳನ್ನು ಹಾಡಹಗಲೇ ದುಬಾರಿ ಕಾರಿಗೆ ತುಂಬಿಕೊಂಡ ದೃಶ್ಯ ಮೊಬೈಲುಗಳಲ್ಲಿ ಓಡಾಡಿ, ಕೊನೆಗೆ ಬಂಧನವೂ ಆಯಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಂಥ ಕಡೆಯಿಂದಲೇ 2014ರ ಜನವರಿಯಲ್ಲಿ ಅಪರೂಪದ ಪುಟ್ಟ ನೈದಿಲೆಯೊಂದು ಕಾಣೆಯಾಗಿತ್ತು.

ಕುಂಡಗಳ ರಕ್ಷಣೆಯ ಗುಟ್ಟು ಭಾರ. ಪ್ಲಾಸ್ಟಿಕ್ ಕುಂಡವನ್ನು ಒಂದೇ ಕೈಯಲ್ಲಿ ಎತ್ತಬಹುದು. ತಳಕ್ಕೆ ಜಲ್ಲಿ ಹಾಕಿದ ಸಿಮೆಂಟ್ ಕುಂಡಕ್ಕೆ ಇಬ್ಬರು ಬೇಕು. ನೀರು ಬಸಿಯುವ ತೂತಿನೊಳಗೆ ಸರಪಳಿ ತೂರಿಸಿ, ಒಳಗೆ ಅಡ್ಡಕ್ಕೊಂದು ಕಬ್ಬಿಣದ ಕಡ್ಡಿ ಕಟ್ಟಿ, ಇನ್ನೊಂದು ತುದಿಯನ್ನು ಗ್ರಿಲ್ಲಿಗೆ ಬಿಗಿದರೆ ಮಣ್ಣು ಸುರಿಯದೆ ಅದನ್ನು ಬಿಡಿಸಲಾಗದು. ತಳದಲ್ಲಿ ಬಣ್ಣದಿಂದ ಮನೆ ನಂಬರು ಬರೆದು ಫೋಟೊ ತೆಗೆದಿಟ್ಟುಕೊಂಡರೆ, ಮುಂದೆ ‘ಇದು ನಮ್ಮದೇ’ ಎಂದು ತೋರಿಸಲು ಆಧಾರವಾಗುತ್ತದೆ. ಹಿತ್ತಾಳೆ ನಲ್ಲಿಯ ಜಾಗದಲ್ಲಿ ಪ್ಲಾಸ್ಟಿಕ್ ನಲ್ಲಿ ಹಾಕಿಸುವುದೂ ಇದೇ ಸಾಲಿನ ಬುದ್ಧಿ. ಗುಜರಿಗೆ ಹೋಗದ ವಸ್ತುವಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ಗಂಧದ ಮರದ ಮಾತಿಗೆ ಬಂದರೆ ತಮಾಷೆ ಮುಗಿಯುತ್ತದೆ.

ಯಾರೂ ನೆಡದಿದ್ದರೂ ಬೆಂಗಳೂರು, ಮೈಸೂರಿನ ಎಷ್ಟೋ ಅಂಗಳಗಳಲ್ಲಿ ಗಂಧದ ಮರವಿದೆ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುತ್ತವೆ. ಗಿಡ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ತಗುಲಿಸಿ, ಅವುಗಳಿಂದ ನೀರು, ಲವಣ ಹೀರಿಕೊಂಡು ಬೆಳೆಯುತ್ತದೆ. ಟಿಪ್ಪು 1792ರಲ್ಲಿ ಇದನ್ನು ರಾಜವೃಕ್ಷವೆಂದು ಘೋಷಿಸಿದ. ಆಮೇಲೆ ಎರಡು ಶತಮಾನ, ಮರ ಯಾರ ಅಂಗಳದಲ್ಲಿದ್ದರೂ ಒಡೆತನ ಸರ್ಕಾರದ್ದು, ಕಾಯುವ ಹೊಣೆ ಮನೆಯವರದು. ಈ ತಲೆನೋವೇ ಬೇಡವೆಂದು ಸಸಿಯನ್ನೇ ಕಿತ್ತೆಸೆದವರೂ ಇದ್ದರು. ರಾಜ್ಯದ ಅರಣ್ಯ ಕಾಯಿದೆಗೆ 2001ರಲ್ಲಿ ತಿದ್ದುಪಡಿಯಾದ ಮೇಲೆ ಜಮೀನಿನವರೇ ಮರದ ಒಡೆಯರು. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಈಗಲೂ ಬೇಕು.

ಕಳ್ಳರಿಗೆ ಬೇಕಾದದ್ದು ಕಾಂಡದ ನಡುವಿನ ಚೇಗು. ಅದು ಬಲಿಯಲು ಹತ್ತು-ಹದಿನೈದು ವರ್ಷವಾದರೂ ಬೇಕು. ಚೇಗು ಕಟ್ಟಿದೆಯೋ ಇಲ್ಲವೋ ಎಂದು ನೋಡಲು ಅವರು ಮೊದಲು ಕಾಂಡದಲ್ಲಿ ಸಣ್ಣ ಕಚ್ಚು ಹಾಕಿ ಹೋಗುವುದುಂಟು. ಇದು ಮನೆಯವರು ತಿಳಿದಿರಲೇಬೇಕಾದ ಸೂಚನೆ. ತೊಗಟೆಯ ಮೇಲೆ ಹೊಸ ಕಚ್ಚು ಕಂಡರೆ ಗರಗಸ ಯಾವ ರಾತ್ರಿಯಾದರೂ ಬರಬಹುದು. ಅರಣ್ಯ ಇಲಾಖೆಗೂ ಪೊಲೀಸರಿಗೂ ಅಂದೇ ತಿಳಿಸಬೇಕು. ಕಾವಲುಗಾರರಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಿಂದ, ಕಬ್ಬನ್ ಪಾರ್ಕಿನಿಂದಲೂ ಗಂಧದ ಮರಗಳು ಹೋಗಿವೆ. ಕಾಂಡದ ಸುತ್ತ ಕಬ್ಬಿಣದ ಪಂಜರ, ಮುಳ್ಳುತಂತಿ ಸುತ್ತಿಸುವವರಿದ್ದಾರೆ. ಕಾಂಡಕ್ಕೆ ಚಿಪ್ ಅಳವಡಿಸಿ, ಗರಗಸ ಆಡಿದೊಡನೆ ಎಚ್ಚರಿಕೆ ಬರುವಂತೆ ಮಾಡುವ ಪ್ರಯೋಗ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಆದರೆ ಗಂಧ ಕದಿಯಲು ಬರುವವರ ಕೈಯಲ್ಲಿ ಮಚ್ಚು ಇರಬಹುದು. ಸದ್ದು ಕೇಳಿದರೆ ದೀಪ ಹಾಕಿ, ಒಳಗಿನಿಂದಲೇ ಕೂಗಿ, ಪೊಲೀಸರಿಗೆ ಕರೆ ಮಾಡಬೇಕು. ಬಾಗಿಲು ತೆರೆದು ಅಂಗಳಕ್ಕೆ ಇಳಿಯಬಾರದು.

ಕಾನೂನಿನಲ್ಲೂ ಒಂದು ಸ್ವಾರಸ್ಯವಿದೆ. ನೆಲದಲ್ಲಿ ಬೇರೂರಿರುವ ಗಿಡ ಚರಾಸ್ತಿಯಲ್ಲ, ಆದ್ದರಿಂದ ಅದನ್ನು ಕದಿಯಲು ಬರುವುದಿಲ್ಲ. ನೆಲದಿಂದ ಬೇರ್ಪಟ್ಟ ಕ್ಷಣದಿಂದ ಅದು ಕದಿಯಬಹುದಾದ ವಸ್ತು. ಹಳೆಯ ದಂಡಸಂಹಿತೆಯ ಈ ವಿವರಣೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಹೊಸದಾಗಿ ಸೇರಿದ್ದು ಇನ್ನೊಂದು: ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಹೂಕಳ್ಳರನ್ನು ಬಡಾವಣೆಯ ಪಾರ್ಕಿಗೆ ನೀರು ಹಾಕಲು ಕಳಿಸುವ ನ್ಯಾಯಾಧೀಶರು ಮುಂದೆ ಸಿಕ್ಕಾರು! ಕಾಂಪೌಂಡಿನ ಹೊರಗೆ, ಫುಟ್‌ಪಾತಿನಲ್ಲಿ ನೆಟ್ಟದ್ದರ ಮಾತು ಬೇರೆ. ಆ ಜಾಗ ಸಾರ್ವಜನಿಕರದು. ಅದಕ್ಕೆ ಬೇಲಿ ಕಟ್ಟಿದರೆ ಮನೆಯವರೇ ತಪ್ಪಿತಸ್ಥರಾಗುತ್ತಾರೆ.

ಕದಿಯದೆ ಹಾಳು ಮಾಡುವವರ ಕಾಟವೂ ಇದೆ. ಕಸದ ಚೀಲ ಎಸೆಯುವವರು, ಗೋಡೆ ಬದಿ ನಿಂತು ಮೂತ್ರ ಮಾಡುವವರು, ಸುಮ್ಮನೆ ಕೊಂಬೆ ಮುರಿಯುವವರು. ಗೋಡೆಗೆ ಸರ್ವಧರ್ಮದ ದೇವರ ಚಿತ್ರದ ಟೈಲ್ಸ್ ಅಂಟಿಸುವುದು ನಮ್ಮ ನಗರಗಳ ಸ್ವಂತ ಸಂಶೋಧನೆ. ಕತ್ತಲೆ ಮೂಲೆಗೆ ಆಳು ಸುಳಿದರೆ ಹತ್ತಿಕೊಳ್ಳುವ ದೀಪವೊಂದು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಸಿ ಕ್ಯಾಮೆರಾವನ್ನು ಛಾವಣಿಯ ಎತ್ತರದಲ್ಲಿ ಹಾಕಿಸಿದರೆ ಕಾಣುವುದು ಮಂಕಿಕ್ಯಾಪು ಮಾತ್ರ. ಮುಖ ಬೇಕಿದ್ದರೆ ಗೇಟಿನ ಮಟ್ಟಕ್ಕೆ ಇಳಿಸಬೇಕು. ಬೇಲಿಗೆ ಕರೆಂಟು ಕೊಡುವ ಯೋಚನೆಯನ್ನಂತೂ ಬಿಟ್ಟೇ ಬಿಡಬೇಕು. ಅದು ಅಪರಾಧ, ಮತ್ತು ಬೆಳಗ್ಗೆ ಗೋಡೆಗೆ ಮೊದಲು ಕೈಯಿಡುವುದು ಪೇಪರ್ ಹಾಕುವ ಹುಡುಗ.

ಕೆಲವು ಮನೆಯವರು ಬೇರೆ ದಾರಿ ಹಿಡಿದಿದ್ದಾರೆ. ಪಾರಿಜಾತದ ಮರವನ್ನು ಗೋಡೆಗೆ ಒತ್ತಿ ನೆಟ್ಟು, ಅರ್ಧ ಕೊಂಬೆಗಳನ್ನು ಬೀದಿಗೆ ಬಿಟ್ಟಿದ್ದಾರೆ. ನೆಲಕ್ಕೆ ಬಿದ್ದರೂ ಪೂಜೆಗೆ ಸಲ್ಲುವ ಹೂವೆಂದರೆ ಅದು. ಬೆಳಗಿನ ಜಾವಕ್ಕೆ ತಾನೇ ಉದುರುತ್ತದೆ, ಕೊಕ್ಕೆ ಕೋಲಿಗೆ ಕೆಲಸವಿಲ್ಲ. ಕವರು ಹಿಡಿದು ಬಂದವರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಆರಿಸಿಕೊಳ್ಳುತ್ತಾರೆ. ಗೋಡೆಯೊಳಗಿನ ದಾಸವಾಳದ ಕಡೆಗೆ ಒಮ್ಮೆ ನೋಡಿ, ಎದ್ದು ಹೋಗುತ್ತಾರೆ.