ಅಂಚಿನಿಂದ ಶುರುವಾಗುವ ಕೌದಿ

ನಮ್ಮ ಮನೆಯಲ್ಲಿ ಅದನ್ನು ಗೋದಡಿ ಅನ್ನುತ್ತೇವೆ. ಪಕ್ಕದ ಮನೆಯವರಿಗೆ ಅದು ಬೊಂತೆ. ಧಾರವಾಡ, ಬೆಳಗಾವಿ ಕಡೆಯವರು ಕೌದಿ ಅನ್ನುತ್ತಾರೆ, ಕನ್ನಡ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದೂ ಇದೇ ಹೆಸರು. ಹಳೆಯ ಸೀರೆ, ಲುಂಗಿ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದ ಹೊದಿಕೆ. ಇಂಗ್ಲಿಷಿನಲ್ಲಿ ಕ್ವಿಲ್ಟ್ ಅನ್ನುವುದು ಹೆಚ್ಚುಕಡಿಮೆ ಇದನ್ನೇ. ಉರ್ದು ಓದುವ ಸ್ನೇಹಿತರಿಗೆ ‘ಗುದಡಿ ಕಾ ಲಾಲ್’ ಎಂಬ ಮಾತು ಗೊತ್ತಿರುತ್ತದೆ. ಬಡವರ ಮನೆಯಲ್ಲಿ ಹುಟ್ಟಿದ ಪ್ರತಿಭಾವಂತನನ್ನು ಹಾಗೆ ಕರೆಯುತ್ತಾರೆ. ಅಲ್ಲಿ ಮಾಣಿಕ್ಯಕ್ಕೆ ಬೆಲೆ, ಗುದಡಿಗೆ ಇಲ್ಲ. ನಾನು ಬರೆಯಹೊರಟಿರುವುದು ಆ ಗುದಡಿಯ ಬಗ್ಗೆಯೇ.

ಕಳವಾರ ಬೆಟ್ಟದ ಕೆಳಗೆ (ಟ್ರೆಕ್ಕಿಂಗ್‌ಗೆ ಬರುವವರ ಬಾಯಲ್ಲಿ ಅದು ಸ್ಕಂದಗಿರಿ) ಡಿಸೆಂಬರ್, ಜನವರಿಯ ಬೆಳಗಿನ ಜಾವ ಹೇಗಿರುತ್ತದೆ ಎಂದು ಆ ಕಡೆಯಿಂದ ಬಸ್ಸು ಹಿಡಿಯುವವರಿಗೆ ನಾನು ಹೇಳಬೇಕಾಗಿಲ್ಲ. ಗೋದಡಿ ಬೆಚ್ಚಗಿರುವುದು ಬಟ್ಟೆ ದಪ್ಪಗಿರುವುದರಿಂದ ಮಾತ್ರವಲ್ಲ. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಶಾಖವನ್ನು ಸುಲಭವಾಗಿ ಹಾಯಲು ಬಿಡುವುದಿಲ್ಲ, ಆದ್ದರಿಂದ ಮೈಯ ಬಿಸಿ ಒಳಗೇ ಉಳಿಯುತ್ತದೆ. ಪದರಗಳು ಜಾರಿ ಒಂದೇ ಕಡೆ ಮುದ್ದೆಯಾಗದಂತೆ ಹಿಡಿದಿಡುವುದು ಹೊಲಿಗೆಯ ಕೆಲಸ. ಆ ಹೊಲಿಗೆ ಹಾಕುವುದರಲ್ಲಿಯೇ ಒಂದು ವಿದ್ಯೆ ಇದೆ, ಅದನ್ನು ಕಲಿಸುವುದನ್ನೇ ಕಸುಬು ಮಾಡಿಕೊಂಡು ಊರೂರು ಸುತ್ತುವ ಟೀಚರುಗಳಿದ್ದಾರೆ ಎಂದು ಕಳೆದ ವರ್ಷದವರೆಗೆ ನನಗೆ ಗೊತ್ತಿರಲಿಲ್ಲ.

ಅಮೆರಿಕದಲ್ಲಿ ಇದು ದೊಡ್ಡ ಜಾಲ. ಊರೂರಿನಲ್ಲಿ ಕೌದಿ ಹೊಲಿಯುವವರ ಸಂಘಗಳಿವೆ. ಅವರು ಟೀಚರನ್ನು ಕರೆಸುತ್ತಾರೆ, ಪ್ರಯಾಣದ ಖರ್ಚು ಮತ್ತು ಸಂಭಾವನೆ ಕೊಡುತ್ತಾರೆ. ಕೆಲವೊಮ್ಮೆ ಊರಾಚೆ, ಕೆರೆಯ ಪಕ್ಕವೋ ಕಾಡಿನ ಅಂಚಿನಲ್ಲೋ ಒಂದು ವಸತಿಗೃಹವನ್ನು ಮೂರರಿಂದ ಐದು ದಿನಕ್ಕೆ ಹಿಡಿದು ಎಲ್ಲರೂ ಒಟ್ಟಿಗೆ ಕೂತು ಹೊಲಿಯುತ್ತಾರೆ. ಇದಕ್ಕೆ ರಿಟ್ರೀಟ್ ಎಂದು ಹೆಸರು. ನಂದಿ ಬೆಟ್ಟದ ರಸ್ತೆಯಲ್ಲಿ ಕಾಣುವ ರಿಟ್ರೀಟ್ ಬೋರ್ಡುಗಳು ಬೆಂಗಳೂರಿನ ಆಫೀಸಿನವರಿಗೆ, ಇವು ಸೂಜಿದಾರದವರಿಗೆ. ಬೆಳಿಗ್ಗೆ ಪಾಠ, ಆಮೇಲೆ ರಾತ್ರಿಯವರೆಗೆ ಹೊಲಿಗೆ. ಒಂದು ಸಂಜೆ ಟೀಚರು ತನ್ನ ಸೂಟ್‌ಕೇಸು ಬಿಚ್ಚಿ, ಹೊಲಿದ ಕೌದಿಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಅವುಗಳ ಕಥೆ ಹೇಳುತ್ತಾರೆ. ಮುಖ್ಯ ವಿಷಯ ಏನೆಂದರೆ ಅಷ್ಟು ದಿನ ಯಾರೂ ಅಡುಗೆ ಮಾಡಬೇಕಾಗಿಲ್ಲ. ಊಟ ಬೇರೆಯವರು ಮಾಡಿ ಬಡಿಸುತ್ತಾರೆ. ನನ್ನ ಪ್ರಕಾರ ಆ ಹೆಂಗಸರು ದುಡ್ಡು ಕೊಟ್ಟು ಕೊಳ್ಳುವುದು ಪಾಠಕ್ಕಿಂತ ಹೆಚ್ಚಾಗಿ ಈ ಬಿಡುವನ್ನು.

ಅಲ್ಲಿಯ ರಿಟ್ರೀಟುಗಳಲ್ಲಿ ಈಗ ಕಲಿಸುವ ಪಾಠಗಳಲ್ಲಿ ಒಂದರ ಹೆಸರು ‘ಕವಂದಿ’. ನಮ್ಮ ‘ಕೌದಿ’ಗೆ ಎಷ್ಟು ಹತ್ತಿರದ ಮಾತು! ಆ ಪಾಠ ಹೋಗಿರುವುದು ನಮ್ಮ ಕರ್ನಾಟಕದಿಂದಲೇ, ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರಿಂದ.

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಹಲವರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಅವರ ಊರುಗಳಿವೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಮನೆಯಲ್ಲಿ ಹರಿದ ಬಟ್ಟೆ, ಹೊರಗೆ ಮಲೆನಾಡಿನ ಮಳೆ ಮತ್ತು ಚಳಿ. ಅಲ್ಲಿ ಕವಂದಿ ಹೊಲಿಯುವುದು ಹವ್ಯಾಸವಾಗಿರಲಿಲ್ಲ, ಸಂಸಾರದ ಕೆಲಸವಾಗಿತ್ತು.

ಇನ್ನು ಹೊಲಿಯುವ ಕ್ರಮ. ಅಮೆರಿಕದ ಸಾಮಾನ್ಯ ಪದ್ಧತಿಯಲ್ಲಿ ಮೊದಲು ಹೊಸ ಬಟ್ಟೆಯನ್ನು ಅಳತೆ ಮಾಡಿ ಕತ್ತರಿಸಿ, ತುಂಡುಗಳನ್ನು ಜೋಡಿಸಿ ಮೇಲಿನ ಪದರವನ್ನು ಪೂರ್ತಿ ತಯಾರಿಸುತ್ತಾರೆ. ಆಮೇಲೆ ಮಧ್ಯದಲ್ಲಿ ಹತ್ತಿಯ ಹಾಸು, ಕೆಳಗೆ ಇನ್ನೊಂದು ಬಟ್ಟೆ ಇಟ್ಟು ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ಕೊನೆಗೆ ಸುತ್ತಲೂ ಪಟ್ಟಿ ಹಾಕಿ ಅಂಚು ಮುಚ್ಚುತ್ತಾರೆ. ಅಂದರೆ ಅಂಚು ಕೊನೆಯ ಕೆಲಸ. ಸಿದ್ದಿ ಹೆಂಗಸರದು ಇದಕ್ಕೆ ಪೂರಾ ಉಲ್ಟಾ. ಕೆಳಗೆ ಒಂದು ಹಳೆಯ ಸೀರೆ. ಅದರ ಒಂದು ಮೂಲೆಯಲ್ಲಿ ಅಂಚನ್ನು ಒಳಕ್ಕೆ ಮಡಚಿ, ಮೊದಲ ತುಂಡಿನ ಅಂಚನ್ನೂ ಮಡಚಿ ಅದರ ಮೇಲಿಟ್ಟು ಸೂಜಿ ಹಾಕುತ್ತಾರೆ. ಪಕ್ಕದಲ್ಲಿ ಇನ್ನೊಂದು ತುಂಡು, ಮತ್ತೊಂದು. ಹೀಗೆ ನಾಲ್ಕೂ ಬದಿ ಸುತ್ತಿ ಬಂದು ಒಳಗಿನ ಸುತ್ತಿಗೆ ಇಳಿಯುತ್ತಾರೆ. ಸುತ್ತು ಸುತ್ತಾಗಿ ಕಿರಿದಾಗುತ್ತ ಹೋಗಿ ನಡುಮಧ್ಯದಲ್ಲಿ ಮುಗಿಯುತ್ತದೆ. ತುಂಡು ಕೂಡಿಸುವ ಹೊಲಿಗೆ, ಪದರ ಹಿಡಿಯುವ ಹೊಲಿಗೆ ಎಂದು ಎರಡಿಲ್ಲ, ಒಂದೇ ರನ್ನಿಂಗ್ ಸ್ಟಿಚ್ಚು ಎರಡೂ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಮೊದಲು ಭದ್ರವಾಗುವುದು ಅಂಚು. ಹೊದಿಕೆ ಮೊದಲು ಸವೆಯುವುದು ಅಂಚಿನಲ್ಲೇ ಎಂದು ನೆನೆದರೆ ಈ ಕ್ರಮದ ಜಾಣತನ ತಿಳಿಯುತ್ತದೆ.

ಸ್ಕೇಲು ಬೇಡ, ಪೇಪರಿನ ಮೇಲೆ ನಕ್ಷೆ ಬೇಡ, ಹೊಲಿಗೆ ಮಷಿನ್ನೂ ಬೇಡ. ಮುಂದೆ ಯಾವ ಬಣ್ಣ ಎಂಬುದನ್ನು ಅಲ್ಲಿಗೆ ಸೂಜಿ ಬಂದಾಗ ತೀರ್ಮಾನಿಸುತ್ತಾರೆ. ಹಾಗೆಂದು ಮನಸ್ಸಿಗೆ ಬಂದಂತೆ ಅಲ್ಲ. ನಾಲ್ಕು ಮೂಲೆಗಳಲ್ಲೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿದ ‘ಫುಲಾ’, ಅಂದರೆ ಹೂ, ಇರಲೇಬೇಕು. ಅದಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಪೂರ್ತಿಯಾದದ್ದಲ್ಲ. ಮಕ್ಕಳ ಕವಂದಿಗೆ ‘ಟಿಕೆಲಿ’ ಎಂಬ ಚಿಕ್ಕ ಚಿಕ್ಕ ಬಣ್ಣದ ತುಂಡುಗಳನ್ನು ಮೇಲೆ ಕೂರಿಸುತ್ತಾರೆ. ಕ್ರೈಸ್ತ ಮನೆಗಳ ಕವಂದಿಯಲ್ಲಿ ಶಿಲುಬೆಯನ್ನೂ ಮುಸ್ಲಿಂ ಮನೆಗಳ ಕವಂದಿಯಲ್ಲಿ ಅರ್ಧಚಂದ್ರವನ್ನೂ ಕಾಣಬಹುದು. ಕೆಲವರು ಮಧ್ಯದ ಕೊನೆಯ ತುಂಡು ಮುಚ್ಚುವ ಮೊದಲು ನಾಲ್ಕು ಅಕ್ಕಿ ಕಾಳು ಒಳಗಿಡುತ್ತಾರೆ, ಕೌದಿಯ ಹೊಟ್ಟೆ ತುಂಬಿರಲಿ ಎಂದು.

ಇದೆಲ್ಲ ಹೊರಗಿನವರಿಗೆ ಗೊತ್ತಾದದ್ದು ಹೇಗೆ? ಹೆನ್ರಿ ಡ್ರೂವಲ್ ಎಂಬ ಕಲಾ ಇತಿಹಾಸದ ಪ್ರಾಧ್ಯಾಪಕರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದರು. ಆಫ್ರಿಕಾದ ಕಲೆಯನ್ನು ಓದಿದವರು. ಆಫ್ರಿಕಾದಿಂದ ಬಂದವರು ಭಾರತದಲ್ಲಿ ಏನು ಮಾಡುತ್ತಾರೆ ಎಂದು ನೋಡಲು ಬಂದು ಈ ಕವಂದಿಗಳನ್ನು ಕಂಡರು. ಸಿದ್ದಿ ಹೆಂಗಸರ ಒಂದು ಸಹಕಾರ ಗುಂಪು ಕಟ್ಟಲು ನೆರವಾದರು. 2011ರಲ್ಲಿ ಅಮೆರಿಕದಲ್ಲಿ ಸಿದ್ದಿ ಕವಂದಿಗಳ ಪ್ರದರ್ಶನ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಗರೆಟ್ ಫ್ಯಾಬ್ರಿಜಿಯೊ ಎಂಬ ಕಲಾವಿದೆ ಈ ಕವಂದಿಗಳಿಗೆ ಮನಸೋತರು. ಆಕೆ ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯ ನುಡಿಸುತ್ತಿದ್ದವರು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅದನ್ನು ಕಲಿಸಿದವರು. ಇಳಿವಯಸ್ಸಿನಲ್ಲಿ ಭಾರತಕ್ಕೆ ಬಂದು ಸಿದ್ದಿ ಊರುಗಳನ್ನು ಹುಡುಕಿಕೊಂಡು ಹೋದರು, ಹೊಲಿಯುವವರ ಪಕ್ಕ ಕೂತು ನೋಡಿದರು. ವಾಪಸು ಹೋಗಿ ಒಂದಾದ ಮೇಲೊಂದು ಹೊಲಿದರು, ವಿಡಿಯೋ ಮಾಡಿದರು, ಬೇರೆಯವರಿಗೆ ಕಲಿಸಿದರು. ಅವರಿಂದ ಕಲಿತವರು, ವಿಡಿಯೋ ನೋಡಿದವರು ತಾವೂ ಟೀಚರಾದರು. ಕವಂದಿ ಎಂಬ ಮಾತು ಹೀಗೆ ರಿಟ್ರೀಟುಗಳ ಪಟ್ಟಿಗೆ ಸೇರಿತು. ನಮ್ಮ ರಾಜ್ಯದೊಳಗೆ, ಬೆಂಗಳೂರಿನ ಸೃಷ್ಟಿ ಸಂಸ್ಥೆಯ ಅನಿತಾ ಎನ್. ರೆಡ್ಡಿ ಅವರು ವರ್ಷಗಟ್ಟಲೆ ಸಿದ್ದಿ ಊರುಗಳಿಗೆ ಹೋಗಿ ಆ ಹೆಂಗಸರ ಜೊತೆ ಕೆಲಸ ಮಾಡಿ, ಅವರ ಕವಂದಿಗಳನ್ನು ಪ್ರದರ್ಶನಕ್ಕೆ ತಂದಿದ್ದಾರೆ.

ಓದುತ್ತ ನನಗೆ ಒಂದು ಕಡೆ ಖುಷಿ, ಒಂದು ಕಡೆ ಕಸಿವಿಸಿ. ಫ್ಯಾಬ್ರಿಜಿಯೊ ಎಲ್ಲಿಂದ ಕಲಿತೆ ಎಂಬುದನ್ನು ಮುಚ್ಚಿಟ್ಟವರಲ್ಲ. ಆದರೆ ಪಾಠ ಕೈಯಿಂದ ಕೈಗೆ ದಾಟುವಾಗ ಏನೋ ಉದುರಿಹೋಗುತ್ತದೆ. ಹಳೆಯ ಸೀರೆಯ ಜಾಗಕ್ಕೆ ಅಂಗಡಿಯ ಹೊಸ ಬಟ್ಟೆ ಬರುತ್ತದೆ. ಯಾರ ಸೀರೆ, ಯಾರ ಅಂಗಿ ಎಂಬ ನೆನಪು ಬಟ್ಟೆಯ ಜೊತೆಗೇ ಹೋಗುತ್ತದೆ. ಮೂರನೆಯ, ನಾಲ್ಕನೆಯ ಕ್ಲಾಸಿನ ಹೊತ್ತಿಗೆ ‘ಸಿದ್ದಿ’ ಎಂಬ ಹೆಸರು ಉಳಿದರೂ ಯಲ್ಲಾಪುರ, ಮುಂಡಗೋಡ ಉಳಿಯುವುದು ಕಷ್ಟ. ಕ್ಲಾಸಿನ ಫೀಸು ಟೀಚರಿಗೆ ಸಲ್ಲುವುದು ನ್ಯಾಯವೇ. ಅಷ್ಟು ದೂರ ಓಡಾಡಿ, ಕಲಿಸಿ, ನಡುನಡುವೆ ಸ್ವಂತ ಕೆಲಸಕ್ಕೂ ಹೊತ್ತು ಹೊಂದಿಸಿಕೊಳ್ಳುವ ಬದುಕು ಹಗುರದ್ದಲ್ಲ. ನನ್ನ ಪ್ರಶ್ನೆ ಬೇರೆ: ಮೂಲದಲ್ಲಿ ಹೊಲಿದವಳು ಟೀಚರಾಗುವುದು ಯಾವಾಗ?

ಆಗಬಹುದು ಎಂಬುದಕ್ಕೆ ಅಮೆರಿಕದಲ್ಲಿಯೇ ಉದಾಹರಣೆ ಇದೆ. ಅಲಬಾಮಾ ರಾಜ್ಯದಲ್ಲಿ ನದಿಯ ತಿರುವಿನೊಳಗೆ ಜೀಸ್ ಬೆಂಡ್ ಎಂಬ ಊರು. ಗುಲಾಮರಾಗಿ ದುಡಿದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿದ್ದಾರೆ. ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟ ಕಾಲದಲ್ಲಿ, 1962ರಲ್ಲಿ, ಆಚೆ ದಡಕ್ಕೆ ಹೋಗುವ ದೋಣಿಯನ್ನೇ ನಿಲ್ಲಿಸಿಬಿಟ್ಟರು. ಅದು ಮತ್ತೆ ಓಡಿದ್ದು 2006ರಲ್ಲಿ. ಅಲ್ಲಿನ ಹೆಂಗಸರೂ ಸಿದ್ದಿಗಳಂತೆ ಹಳೆಯ ಕೆಲಸದ ಬಟ್ಟೆ, ಹರಿದ ಪ್ಯಾಂಟುಗಳಿಂದ ಚಳಿಗಾಗಿ ಕೌದಿ ಹೊಲಿದವರು. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು. 2006ರಲ್ಲಿ ಅಲ್ಲಿನ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಸ್ಟಾಂಪು ತಂದಿತು. ನನಗೆ ಇದಕ್ಕಿಂತ ಹಿಡಿಸಿದ್ದು ಆಮೇಲಿನ ಸಂಗತಿ. ಆ ಊರಿನ ಮೇರಿ ಆನ್ ಪೆಟ್ವೇ, ಚೈನಾ ಪೆಟ್ವೇ ಅವರು ತಾವೇ ಪ್ರಯಾಣ ಮಾಡಿ ರಿಟ್ರೀಟುಗಳಲ್ಲಿ ಕಲಿಸುತ್ತ ಬಂದಿದ್ದಾರೆ. ಹೊಲಿಯುತ್ತ ಹಾಡುತ್ತಾರೆ, ಕಲಿಯುವವರನ್ನೂ ಹಾಡಿಸುತ್ತಾರೆ. ಅಲ್ಲಿ ಪಾಠದ ಜೊತೆ ಊರಿನ ಹೆಸರೂ ಹೋಗುತ್ತದೆ, ಸಂಭಾವನೆಯೂ ಊರಿಗೆ ಬರುತ್ತದೆ.

ನಮ್ಮ ನಾನಿಗೆ ನಾನು ಇದನ್ನೆಲ್ಲ ಹೇಳಿದಾಗ, ದುಡ್ಡು ಕೊಟ್ಟು ಗೋದಡಿ ಕಲಿಯುತ್ತಾರೆ ಎಂಬುದನ್ನು ಅವರು ನಂಬಲಿಲ್ಲ. ಅವರು ನಮ್ಮ ಇಬ್ಬರು ಖಾಲಾರಿಗೆ, ಮಾಮಿಗೆ, ಪಕ್ಕದ ಮನೆಯ ಅಕ್ಕನಿಗೆ, ಲೆಕ್ಕವಿಲ್ಲದಷ್ಟು ಜನರಿಗೆ ಕಲಿಸಿದ್ದಾರೆ. ಮಧ್ಯಾಹ್ನ ಜೊಹರ್ ಆದ ಮೇಲೆ ಚಾಪೆ ಹಾಸಿದರೆ ಅಸರ್ ಹೊತ್ತಿಗೆ ಸುತ್ತಿಡಬೇಕು, ಆಮೇಲೆ ಒಲೆಯ ಕೆಲಸ. ಅಷ್ಟೇ ಅವರ ರಿಟ್ರೀಟು. ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು. ನಾನು ಬೆಳಿಗ್ಗೆ ಹತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಕಾಲೇಜಿಗೆ ಬರುತ್ತೇನೆ, ಸಂಜೆಗೆ ಹತ್ತೂ ಖಾಲಿಯಾಗಿರುತ್ತವೆ. ಅವರ ಟಾಕೆಗಳು ಕವಂದಿಯಂತೆ ಸುತ್ತುವುದಿಲ್ಲ, ಉದ್ದಕ್ಕೆ ಸಾಲು ಸಾಲಾಗಿ ಹೋಗುತ್ತವೆ. ಟಾಕೆ ಮಾತ್ರ ಅದೇ. ಮನೆಯಲ್ಲಿ ಈಗ ಮಿಂಕ್ ಬ್ಲಾಂಕೆಟ್ಟುಗಳು ಬಂದಿವೆ, ಗೋದಡಿ ಕೆಳಗೆ ಹಾಸಲು ಇಳಿದಿದೆ. ನನ್ನ ವಯಸ್ಸಿನವರಲ್ಲಿ ನಮ್ಮ ಬೀದಿಯಲ್ಲಿ ಇದನ್ನು ಪೂರ್ತಿ ಬಲ್ಲವರು ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ.

ಅಮೆರಿಕದವರಿಂದ ತಪ್ಪದೆ ಕಲಿಯಬೇಕಾದ ಒಂದು ರೂಢಿ ಇದೆ. ಕೌದಿ ಮುಗಿದ ಮೇಲೆ ಹಿಂಬದಿಯ ಮೂಲೆಯಲ್ಲಿ ಅಂಗೈಯಷ್ಟು ಬಟ್ಟೆ ಹೊಲಿದು ಅದರ ಮೇಲೆ ಹೊಲಿದವರ ಹೆಸರು, ಊರು, ವರ್ಷ ಬರೆಯುತ್ತಾರೆ. ನಾನು ನಮ್ಮ ಮನೆಯ ಮೂರು ಗೋದಡಿಗಳಿಗೆ ಹಾಗೆ ಬರೆದು ಹೊಲಿದೆ. ಯಾವ ತುಂಡು ಯಾರ ಬಟ್ಟೆ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ನೀಲಿ ಚೌಕಳಿ ನಾನಾರ ಲುಂಗಿ, ಹಸಿರು ಹೂವಿನದು ಅಮ್ಮಿ ಆರನೇ ಕ್ಲಾಸಿನಲ್ಲಿದ್ದಾಗಿನ ಲಂಗ. ನಿಮ್ಮ ಮನೆಯಲ್ಲೂ ಬೊಂತೆಯೋ ಗೋದಡಿಯೋ ಇದ್ದರೆ, ಹೊಲಿದವರು ಹೇಳಬಲ್ಲವರಾಗಿರುವಾಗಲೇ ಕೇಳಿಬಿಡಿ.

ಹೊಲಿದು ನೋಡಬೇಕೆನಿಸಿದವರು ದೊಡ್ಡದಕ್ಕೆ ಕೈ ಹಾಕಬೇಡಿ. ಒಂದು ಅಡಿ ಚೌಕದ ಹಳೆಯ ಕಾಟನ್ ಬಟ್ಟೆ ಸಾಕು. ಅಂಗಿ ಬಟ್ಟೆಯೂ ವೇಲೂ ಒಳ್ಳೆಯವು. ನೈಲಾನ್, ಜಾರ್ಜೆಟ್ ಜಾರುತ್ತವೆ. ಟೈಲರ್ ಅಂಗಡಿಯ ಕಟ್‌ಪೀಸ್ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಸ್ವಲ್ಪ ದಪ್ಪನೆಯ ಬಿಳಿ ಕಾಟನ್ ದಾರ, ಉದ್ದನೆಯ ಸೂಜಿ. ಮೂಲೆಯಿಂದ ಶುರುಮಾಡಿ, ಹೊರಗಿನ ಅಂಚನ್ನು ಒಳಕ್ಕೆ ಮಡಚಿ, ಸಾಲಿನಿಂದ ಸಾಲಿಗೆ ಬೆರಳಿನ ಅಗಲಕ್ಕಿಂತ ಹೆಚ್ಚು ಬಿಡದೆ ಸುತ್ತುತ್ತ ಬನ್ನಿ. ದಾರವನ್ನು ತುಂಬ ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟಿ ದೋಣಿಯಂತೆ ಬಾಗುತ್ತದೆ. ಮಧ್ಯಕ್ಕೆ ಬಂದಾಗ ಅಂಗೈಯಷ್ಟು ಜಾಗ ಉಳಿದಿರುತ್ತದೆ. ಅದಕ್ಕೆ ನಿಮಗೆ ಇಷ್ಟವಾದ ತುಂಡನ್ನು ಮೊದಲೇ ಎತ್ತಿಟ್ಟಿರಿ. ಒಳಗೆ ಅಕ್ಕಿ ಹಾಕುವುದು ಬಿಡುವುದು ನಿಮಗೆ ಸೇರಿದ್ದು.