ಸಹಿ ಬಿದ್ದ ಮೇಲಿನ ಕೆಲಸ

2003ರ ಜುಲೈ 21. ಘಾನಾದ ಅಕ್ರಾದಲ್ಲಿ ಲೈಬೀರಿಯಾದ ಶಾಂತಿ ಮಾತುಕತೆ ವಾರಗಟ್ಟಲೆ ಕುಂಟುತ್ತಿತ್ತು. ಬಿಳಿ ಅಂಗಿಯ ಹೆಂಗಸರು ತೋಳಿಗೆ ತೋಳು ಬೆಸೆದು ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ಏಪ್ರಿಲ್‌ನಿಂದ ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿ ಧರಣಿ ನಡೆಸಿದ್ದ ಕ್ರೈಸ್ತ, ಮುಸ್ಲಿಂ ಮಹಿಳೆಯರ ಚಳವಳಿ ಇದು. ಬಂಧಿಸಲು ಕಾವಲಿನವರು ಬಂದಾಗ ಮುಂದಾಳು ಲೇಮಾ ಗ್ಬೋವಿ ತಲೆವಸ್ತ್ರ ಬಿಚ್ಚಿ, ಮೈಮೇಲಿನ ಬಟ್ಟೆಗೂ ಕೈಹಾಕಿದರು. ತಾಯಿಯಾದವಳು ತಾನಾಗಿ ಬೆತ್ತಲಾದರೆ ನೋಡಿದವರಿಗೆ ಶಾಪ ತಟ್ಟುತ್ತದೆಂಬುದು ಅಲ್ಲಿನ ನಂಬಿಕೆ. ಬಂಧನ ನಡೆಯಲಿಲ್ಲ. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಧರಣಿಯಿಂದ ಯುದ್ಧ ನಿಂತಿತೆನ್ನುವುದು ಭಾವುಕತೆ ಎನ್ನುವವರಿದ್ದಾರೆ. ಅಧ್ಯಕ್ಷ ಚಾರ್ಲ್ಸ್ ಟೇಲರ್ ಕುರ್ಚಿ ಬಿಟ್ಟದ್ದು ಬಂಡುಕೋರರು ರಾಜಧಾನಿಗೆ ನುಗ್ಗಿದ್ದರಿಂದ, ಯುದ್ಧಾಪರಾಧಗಳ ವಿಶೇಷ ನ್ಯಾಯಾಲಯದ ಆರೋಪಪಟ್ಟಿಯಿಂದ, ಅಮೆರಿಕದ ಒತ್ತಡದಿಂದ. ಈ ಮಾತು ಬಹುಪಾಲು ನಿಜ. ಆದರೆ ಯುದ್ಧ ಶುರುವಾದ 1989ರಿಂದೀಚೆಗೆ ಹತ್ತಕ್ಕೂ ಹೆಚ್ಚು ಒಪ್ಪಂದಗಳು ಆಗಿ ಮುರಿದಿದ್ದ ದೇಶವದು. ಇದೊಂದು ಏಕೆ ಉಳಿಯಿತು? ಉತ್ತರದ ಬೇರು 1994ರಲ್ಲಿದೆ. ಮೊದಲು ಬಂದೂಕು ಇಳಿಸಿ, ಆಮೇಲೆ ಚುನಾವಣೆ ನಡೆಸಿ ಎಂದು ಲೈಬೀರಿಯನ್ ವಿಮೆನ್ಸ್ ಇನಿಶಿಯೇಟಿವ್ ಎಂಬ ಮಹಿಳಾ ಸಂಘಟನೆ ಆಗಲೇ ಪಟ್ಟು ಹಿಡಿದಿತ್ತು. ನಿಶ್ಶಸ್ತ್ರೀಕರಣ ಅರೆಬರೆಯಾಗಿದ್ದಾಗಲೇ 1997ರಲ್ಲಿ ಮತದಾನ ನಡೆಯಿತು, ಟೇಲರ್ ಗೆದ್ದರು, ಎರಡೇ ವರ್ಷಕ್ಕೆ ಯುದ್ಧ ಮರಳಿತು.

ಈ ಪಾಠ ಕಲಿತವರು ಸಹಿಯ ನಂತರ ಮನೆಗೆ ಹೋಗಲಿಲ್ಲ. ಅವರ ನಿಜವಾದ ಸಾಧನೆ ಇಲ್ಲಿದೆ, ಕ್ಯಾಮೆರಾಗಳು ಹೊರಟುಹೋದ ಮೇಲಿನ ಈ ಕೆಲಸದಲ್ಲಿ. ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ತೆರೆದ ಶಸ್ತ್ರ ಒಪ್ಪಿಸುವ ಶಿಬಿರಕ್ಕೆ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಹೋರಾಟಗಾರರು ಬಂದು ಗಲಭೆಯಾಯಿತು, ಜೀವಗಳು ಹೋದವು. ಆಗ ಹುಡುಗರ ನಡುವೆ ಹೋಗಿ ಮಾತಾಡಿಸಿ ಸಮಾಧಾನ ಮಾಡಿದವರು ಇದೇ ಹೆಂಗಸರು. 2005ರ ಚುನಾವಣೆಗೆ ಮಾರುಕಟ್ಟೆಯ ಮಹಿಳೆಯರ ಅಂಗಡಿ, ಮಗು ನೋಡಿಕೊಂಡು, ಹೆಸರು ನೋಂದಾಯಿಸಲು ಅವರನ್ನು ಕಳಿಸಿಕೊಟ್ಟರು. ಮುಂದೆ ಹಳ್ಳಿಗಳಲ್ಲಿ ಶಾಂತಿ ಗುಡಿಸಲುಗಳು ಎದ್ದವು. ಗಂಡನ ಹೊಡೆತ, ಜಮೀನಿನ ತಂಟೆ ಅಲ್ಲಿ ಹೆಂಗಸರ ಮುಂದೆಯೇ ವಿಚಾರಣೆಗೆ ಬಂದವು. ವಿಶ್ವಸಂಸ್ಥೆಯ 15,000 ಸೈನಿಕರಿಲ್ಲದೆ ಇದೆಲ್ಲ ಸಾಧ್ಯವಿರಲಿಲ್ಲ, ಹೌದು. ಆದರೆ ಹಳ್ಳಿಯ ಜಗಳ ಬಂದೂಕಿಗೆ ತಿರುಗುವ ಮೊದಲೇ ಅದರ ಸುಳಿವು ಸಿಗುವುದು ಪಕ್ಕದ ಮನೆಯವಳಿಗೆ; ಸೈನಿಕನಿಗೆ ಆ ಕಿವಿಯಿಲ್ಲ.

ಇಷ್ಟಾದರೂ ಅಧಿಕಾರದಲ್ಲಿ ಮಹಿಳೆಯರಿಗೆ ಪಾಲು ಸಿಗಲಿಲ್ಲವಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಎಲೆನ್ ಜಾನ್ಸನ್ ಸರ್ಲೀಫ್ 2006ರಲ್ಲಿ ಅಧ್ಯಕ್ಷೆಯಾದರು, 2011ರಲ್ಲಿ ಅವರಿಗೂ ಗ್ಬೋವಿಗೂ ನೊಬೆಲ್ ಬಂತು. ಆದರೂ ಅಲ್ಲಿನ ಸಂಸತ್ತಿನಲ್ಲಿ ಮಹಿಳೆಯರು ಐದರಲ್ಲೊಂದು ಪಾಲನ್ನೂ ಮುಟ್ಟಿಲ್ಲ. ಬೀದಿಯಲ್ಲಿ ದುಡಿದವರಿಗೆ ಒಳಗೆ ಜಾಗ ಕೊಡಲು ಪಕ್ಷಗಳಿಗೆ ಮನಸ್ಸಿರಲಿಲ್ಲ, ಮೀಸಲಾತಿಯ ಪ್ರಯತ್ನಗಳು ಕಾನೂನಾಗಿ ನಿಲ್ಲಲಿಲ್ಲ.